ಕಣದ ಮೆಣಸು ಯಾರ ತಕ್ಕಡಿಗೆ ಹೋಯಿತು

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವಾಗ ಹಾಸನ ಜಿಲ್ಲೆ ಮುಗಿದು ಚಿಕ್ಕಮಗಳೂರು ಜಿಲ್ಲೆ ಶುರುವಾಗುತ್ತದೆ. ಆ ಗಡಿಯ ಹತ್ತಿರ, ಚಿಕ್ಕಮಗಳೂರು ಬದಿಯಲ್ಲಿ, ಸುಮಾರು 40 ಎಕರೆಯ ಒಂದು ಕಾಫಿ ತೋಟ. 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿನ ಕಣದಿಂದ ಹೆಚ್ಚುಕಡಿಮೆ 170 ಕೆಜಿ ಕಾಳುಮೆಣಸು ಕಳುವಾಯಿತು. ಕೆಜಿಗೆ 650 ರೂಪಾಯಿ ಹಿಡಿದರೂ ಲಕ್ಷ ದಾಟುತ್ತದೆ.

ಕೊಲೆ ಅಲ್ಲ, ದರೋಡೆ ಅಲ್ಲ. ಪೇಪರಿನಲ್ಲಿ ಬಂದಿದ್ದರೆ ಒಳಪುಟದಲ್ಲಿ ನಾಲ್ಕು ಸಾಲು. ಆದರೂ ಅಪರಾಧಶಾಸ್ತ್ರ ಓದಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಲ್ಲರೂ ಮುಖ ನೋಡಿ ಕಳ್ಳನನ್ನು ಹುಡುಕಿದರು. ಕಳ್ಳ ಸಿಕ್ಕಿದ್ದು ತಕ್ಕಡಿಯ ಜಾಡು ಹಿಡಿದಾಗ. ತೋಟ, ಠಾಣೆ, ಜನ ಯಾರ ಗುರುತೂ ಇಲ್ಲಿ ಬರುವುದಿಲ್ಲ. ಕೆಲವು ವಿವರಗಳನ್ನು ಅದಕ್ಕೆಂದೇ ಬದಲಿಸಿದ್ದೇನೆ.

ಒಣಗಿ ಕಮ್ಮಿಯಾಯಿತೋ, ಯಾರಾದರೂ ಒಯ್ದರೋ

ಮೆಣಸಿನ ಕಳ್ಳತನಕ್ಕೆ ಒಂದು ಅನುಕೂಲ ಇದೆ. ಮಾಲು ತಾನಾಗಿಯೇ ಕಮ್ಮಿಯಾಗುತ್ತದೆ. ಬಳ್ಳಿಯಿಂದ ಕೊಯ್ದು, ಕಾಳು ಬಿಡಿಸಿ, ಕಣದಲ್ಲಿ ಹರವಿದರೆ ಮೂರು ಕೆಜಿ ಹಸಿ ಕಾಳಿಗೆ ಸುಮಾರು ಒಂದು ಕೆಜಿ ಒಣ ಮೆಣಸು ಉಳಿಯುತ್ತದೆ. ಮಳೆ, ತಳಿ, ಕಾಳಿನ ಬಲಿತ ಹದ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತದೆ. ಆ ಆಚೀಚೆಯ ಒಳಗೆ ಕಳ್ಳತನ ಆರಾಮಾಗಿ ಅಡಗಿಕೊಳ್ಳಬಹುದು.

ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಹಳೆಯ ಕಾಲದವರು. ಹಸಿ ತೂಕವನ್ನು ದಿನಾ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರದು. ಸೀಸನ್ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಸುಮಾರು 1,800 ಕೆಜಿ ಹಸಿ ಕಾಳು ಇತ್ತು. ಒಣಗಿ 600 ಕೆಜಿಯ ಹತ್ತಿರ ಬರಬೇಕು. ಮೂಟೆ ಕಟ್ಟಿ ತೂಗಿದಾಗ ಬಂದಿದ್ದು 430. ಮೊದಲು ಅವರೂ 'ಈ ಸಲ ಜೊಳ್ಳು ಜಾಸ್ತಿ' ಎಂದುಕೊಂಡರು. ಮಾಲೀಕರು ಇರುವುದು ಹಾಸನದಲ್ಲಿ, ಮಕ್ಕಳ ಸ್ಕೂಲಿಗಾಗಿ. ತೋಟಕ್ಕೆ ಬರುವುದು ಶನಿವಾರ, ಭಾನುವಾರ. ಅವರು ಬಂದು ಲೆಕ್ಕ ನೋಡಿದ ಮೇಲೆಯೇ 'ಇಷ್ಟೊಂದು ಜೊಳ್ಳಾ?' ಎಂಬ ಪ್ರಶ್ನೆ ಎದ್ದಿದ್ದು.

ರೈಟರ್ ಆ ಪುಸ್ತಕ ಬರೆಯದೇ ಇದ್ದಿದ್ದರೆ ಈ ಅಪರಾಧ ನಡೆದೇ ಇಲ್ಲ ಎಂದಾಗುತ್ತಿತ್ತು. ಲೆಕ್ಕಕ್ಕೆ ಸಿಗದ ಅಪರಾಧಗಳ ಬಗ್ಗೆ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ದೂರು ಕೊಡಲು ಹೆದರುವವರ, ನಾಚುವವರ ಉದಾಹರಣೆ ಕೊಡುತ್ತೇವೆ. ತನಗೆ ನಷ್ಟವಾಗಿದೆ ಎಂದೇ ಗೊತ್ತಿಲ್ಲದ ಜನ ಅದಕ್ಕಿಂತ ಜಾಸ್ತಿ ಇದ್ದಾರೆ ಎಂದು ನನ್ನ ಅನಿಸಿಕೆ. ಅಂಥವರು ಯಾವ ಠಾಣೆಯ ಪುಸ್ತಕದಲ್ಲೂ ಸಿಗುವುದಿಲ್ಲ.

ಬೆರಳು ಮೊದಲು ಹೋದ ಕಡೆ

ಅದರ ಹಿಂದಿನ ಡಿಸೆಂಬರ್‌ನಲ್ಲಿ ತೋಟದ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಅಸ್ಸಾಂನಿಂದ ನಾಲ್ಕು ಕುಟುಂಬ ಬಂದಿದ್ದವು. ಕಾಫಿ ಕೊಯ್ಲಿಗೆ ಸ್ಥಳೀಯರು ಸಿಗುವುದು ಕಷ್ಟ. ಹೊರರಾಜ್ಯದವರಿಲ್ಲದೆ ಮಲೆನಾಡಿನ ಎಷ್ಟೋ ತೋಟ ಈಗ ನಡೆಯುವುದೇ ಇಲ್ಲ. ಅವರು ಬೇಕು, ಆದರೆ ಏನಾದರೂ ಕಳೆದರೆ ಮೊದಲ ಹೆಸರೂ ಅವರದೇ.

ಭಾನುವಾರ ಸಂಜೆ ಮಾಲೀಕರ ಕಡೆಯ ನಾಲ್ಕೈದು ಜನ ಲೈನ್ ಮನೆಗೆ ಹೋದರು. ಪೆಟ್ಟಿಗೆ ತೆಗೆಸಿದರು, ಅಕ್ಕಿ ಚೀಲ ಸುರಿಸಿದರು, ಫೋನ್ ಕಸಿದುಕೊಂಡು ಫೋಟೋಗಳನ್ನು ತಿರುವಿ ಹಾಕಿದರು, ಆಧಾರ್ ಕಾರ್ಡ್ ಇಸಿದುಕೊಂಡರು. ಎದುರು ಮಾತಾಡಿದ ಒಬ್ಬ ಹುಡುಗನಿಗೆ ಏಟೂ ಬಿತ್ತು. ಮೆಣಸು ಒಂದು ಕಾಳೂ ಸಿಗಲಿಲ್ಲ. ಎರಡು ದಿನ ಬಿಟ್ಟು ಆ ಹುಡುಗ ಬೆಳಗಿನ ಬಸ್ಸು ಹತ್ತಿ ಹೋದ. ಕೂಲಿಯ ಬಾಕಿಯನ್ನೂ ಕೇಳಲಿಲ್ಲ.

'ನೋಡಿದ್ರಾ, ಓಡಿ ಹೋದ. ಅವನೇ' ಎಂದು ಊರಿನಲ್ಲಿ ತೀರ್ಮಾನವಾಯಿತು.

ಹೊಡೆಸಿಕೊಂಡವನು ಉಳಿದರೆ ಭಂಡ, ಹೋದರೆ ಕಳ್ಳ. ಅವನ ಮುಂದೆ ಮೂರನೆಯ ದಾರಿಯನ್ನೇ ಇವರು ಬಿಟ್ಟಿರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ 1963ರಲ್ಲಿ ಹೇಳಿದ್ದು ಇದನ್ನೇ. ತಪ್ಪು ಎನ್ನುವುದು ಮಾಡಿದ ಕೆಲಸದಲ್ಲಿ ಮಾತ್ರ ಇರುವುದಿಲ್ಲ, ಸುತ್ತಲಿನವರು ಯಾರಿಗೆ ಆ ಪಟ್ಟ ಕಟ್ಟುತ್ತಾರೆ ಎನ್ನುವುದರಲ್ಲೂ ಇರುತ್ತದೆ. ಇಲ್ಲಂತೂ ಕೆಲಸವನ್ನೇ ಮಾಡದವನಿಗೆ ಪಟ್ಟ ಸಿಕ್ಕಿತು. ನಮ್ಮ ದೇಶಕ್ಕೆ ಇದು ಹೊಸದಲ್ಲ. 1871ರ ಕಾಯ್ದೆಯೊಂದರಲ್ಲಿ ಬ್ರಿಟಿಷರು ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿದ್ದರು. ಆ ಕಾಯ್ದೆ ರದ್ದಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಪಟ್ಟಿ ಹೋಯಿತು, ಬೆರಳು ತೋರಿಸುವ ಚಟ ಹೋಗಿಲ್ಲ.

ಇನ್ನೊಂದು ವಿಷಯ. ಖಾಸಗಿ ಜನ ಇನ್ನೊಬ್ಬರ ಮನೆ ನುಗ್ಗಿ ಪೆಟ್ಟಿಗೆ ತೆಗೆಸುವುದು, ಕಾರ್ಡ್ ಕಸಿಯುವುದು, ಹೊಡೆಯುವುದು ಯಾವುದೂ 'ವಿಚಾರಣೆ' ಅಲ್ಲ, ಅಪರಾಧ. ಆ ವಾರ ಆ ತೋಟದಲ್ಲಿ ನಡೆದ ಅಪರಾಧ ಒಂದಲ್ಲ, ಎರಡು. ಎರಡನೆಯದಕ್ಕೆ ಯಾರೂ ದೂರು ಕೊಡಲಿಲ್ಲ.

ಠಾಣೆಯಲ್ಲಿ

ಮಾಲೀಕರು ಠಾಣೆಗೆ ಹೋದಾಗ ಮೊದಲು ಸಿಕ್ಕಿದ ಉತ್ತರ: 'ಒಣಗಿ ಕಮ್ಮಿ ಆಗಿರುತ್ತೆ ಬಿಡಿ. ಒಂದು ಅರ್ಜಿ ಕೊಟ್ಟು ಹೋಗಿ, ನೋಡ್ತೀವಿ.' ಅರ್ಜಿ ತಲುಪಿದೆ ಎಂಬ ಹಿಂಬರಹ ಸಿಕ್ಕಿತು, ಎಫ್‌ಐಆರ್ ಆಗಲಿಲ್ಲ. ಜೊತೆಗೆ ಒಂದು ಮಾತು ಬೇರೆ: 'ಮಾಲು ಹಾಸನ ಜಿಲ್ಲೆ ಕಡೆ ಹೋಗಿದ್ರೆ ನಮಗೆ ಬರಲ್ಲ.'

ಇದು ಸೋಮಾರಿತನ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಎಫ್‌ಐಆರ್ ಹಾಕಿ ಕಳ್ಳ ಸಿಗದಿದ್ದರೆ ಠಾಣೆಯ ಲೆಕ್ಕದಲ್ಲಿ ಪತ್ತೆಯಾಗದ ಕೇಸು ಒಂದು ಜಾಸ್ತಿ. ಹಾಕದಿದ್ದರೆ ಆ ಊರಿನಲ್ಲಿ ಕಳ್ಳತನವೇ ಇಲ್ಲ. ಅಂಕಿ ನೋಡಿ ಠಾಣೆಯನ್ನು ಅಳೆಯುವ ತನಕ ಈ ಆಸೆ ಇದ್ದೇ ಇರುತ್ತದೆ. ಹಾಗಾಗಿಯೇ ಪೊಲೀಸ್ ಅಂಕಿಅಂಶ ಓದುವಾಗ ಅಲ್ಲಿ ಅಪರಾಧ ಎಷ್ಟು ಎನ್ನುವುದರ ಜೊತೆಗೆ ಅಲ್ಲಿ ಬರೆದುಕೊಳ್ಳುವ ಅಭ್ಯಾಸ ಎಷ್ಟು ಎಂದೂ ಕೇಳಬೇಕು.

ಕಾನೂನು ಮಾತ್ರ ಸ್ಪಷ್ಟವಾಗಿದೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಪೊಲೀಸ್ ಮತ್ತು ಕೋರ್ಟಿನ ಕಾರ್ಯವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ತೆಗೆದುಕೊಳ್ಳಬೇಕು. ಜಿಲ್ಲೆ ಗಡಿ ನೆಪವಾಗುವಂತಿಲ್ಲ. 3 ವರ್ಷದಿಂದ 7 ವರ್ಷದ ಒಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು, ಅಷ್ಟೇ. ಪರಿಚಯದ ವಕೀಲರೊಬ್ಬರು ಇದನ್ನೆಲ್ಲ ಒಂದು ಪುಟದಲ್ಲಿ ಬರೆದುಕೊಟ್ಟ ಮೇಲೆ ಎಫ್‌ಐಆರ್ ಆಯಿತು.

ಇಲ್ಲೊಂದು ಸ್ವಾರಸ್ಯ ಇದೆ. ಮೆಣಸು ಹೋಗಿದ್ದು ಬಯಲು ಕಣದಿಂದ. ಹಾಗಾಗಿ ಇದು ಅಪರಾಧ, ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಸಾದಾ ಕಳವು, ಹೆಚ್ಚೆಂದರೆ 3 ವರ್ಷ. ಅದೇ ಮೆಣಸು ಹತ್ತು ಹೆಜ್ಜೆ ಆಚೆಯ ಗೋದಾಮಿನ ಒಳಗೆ ಇದ್ದಿದ್ದರೆ 305ನೇ ಕಲಮು, 7 ವರ್ಷದ ತನಕ. ಬಾಗಿಲಿರುವ ಕಡೆ ಕದ್ದರೆ ಕಾನೂನಿಗೆ ಜಾಸ್ತಿ ಸಿಟ್ಟು.

ಎಸ್‌ಐ ಕೇಳಿದ ಪ್ರಶ್ನೆಗಳು

ತನಿಖೆ ಬಂದಿದ್ದು ಆಗಷ್ಟೇ ವರ್ಗವಾಗಿ ಬಂದಿದ್ದ ಒಬ್ಬ ಎಸ್‌ಐ ಕೈಗೆ. ಆತ ಲೈನ್ ಮನೆಗೆ ಹೋಗುವ ಮೊದಲು ಕಣಕ್ಕೆ ಹೋದರು. ರೈಟರ್ ಜೊತೆ ಅರ್ಧ ದಿನ ಕೂತರು.

'ರಾತ್ರಿ ಮೆಣಸು ಎಲ್ಲಿರುತ್ತೆ?'

'ಕಣದಲ್ಲೇ ಸರ್. ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುತ್ತೀವಿ. ದಿನಾ ಗೋದಾಮಿಗೆ ಹೊತ್ತು ಮತ್ತೆ ತರೋಕೆ ಆಳೆಲ್ಲಿ?'

'ಕಾವಲು?'

'ಒಬ್ಬರು ಅಜ್ಜ ಇದ್ದಾರೆ. ಆನೆ ಬಂದಿದೆ ಅಂತ ಮೆಸೇಜ್ ಬಂದ ದಿನ ಅವರು ಬಾಗಿಲು ತೆಗೆಯಲ್ಲ. ನಾವೂ ಹೇಳಲ್ಲ.'

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಡು ಯಾವ ತೋಟದ ಪಕ್ಕ ನಿಂತಿದೆ ಎಂದು ಸಂಜೆ ಫೋನಿಗೆ ಸುದ್ದಿ ಬರುತ್ತದೆ. ಬಂದ ಮೇಲೆ ಆ ಭಾಗದ ರಸ್ತೆಯಲ್ಲಿ ಒಂದು ಬೈಕೂ ಓಡುವುದಿಲ್ಲ. ಜೀವ ಉಳಿಸುವ ವ್ಯವಸ್ಥೆ ಅದು, ತಪ್ಪು ಹೇಳುವಂತಿಲ್ಲ. ಆದರೆ ಅದೇ ಮೆಸೇಜ್ ಇನ್ನೊಂದು ವಿಷಯವನ್ನೂ ಹೇಳುತ್ತದೆ: ಇವತ್ತು ರಾತ್ರಿ ಯಾರೂ ಹೊರಗೆ ಇರುವುದಿಲ್ಲ.

ರೈಟರ್ ಪುಸ್ತಕದಲ್ಲಿ ಒಣಗುತ್ತಿದ್ದ ಮೆಣಸಿನ ಅಂದಾಜು ತೂಕವೂ ಅಲ್ಲಲ್ಲಿ ಇತ್ತು. ಎಸ್‌ಐ ಅದನ್ನೂ ಫೋನಿನಲ್ಲಿದ್ದ ಆನೆ ಮೆಸೇಜುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತೂಕ ಸಿಕ್ಕಾಪಟ್ಟೆ ಇಳಿದ ದಿನಗಳು ಹೆಚ್ಚಿನವು ಆನೆ ಮೆಸೇಜ್ ಬಂದ ರಾತ್ರಿಯ ಮಾರನೆ ದಿನಗಳೇ. ಅದರಲ್ಲೂ ಹಿಂಡು ತೋಟದ ಹಿಂಬದಿಯ ಹಳ್ಳದ ಕಡೆ ಇದ್ದ ರಾತ್ರಿಗಳು. ಕಣ ಇರುವುದು ಮುಂದೆ, ರಸ್ತೆ ಪಕ್ಕ. ಸಿಸಿಟಿವಿ ಕ್ಯಾಮೆರಾ ಒಂದಿತ್ತು, ಬಂಗಲೆಯ ಗೇಟಿನ ಕಡೆ ಮುಖ ಮಾಡಿಕೊಂಡು.

1979ರಲ್ಲಿ ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು ಬಹಳ ಸರಳವಾದ ಮಾತು ಹೇಳಿದರು. ಅಪರಾಧ ನಡೆಯಲು ಮೂರು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸೇರಬೇಕು: ಮಾಡಲು ತಯಾರಿರುವವನು, ಕೈಗೆ ಸಿಗುವ ಬೆಲೆಬಾಳುವ ವಸ್ತು, ತಡೆಯಬಲ್ಲವರು ಯಾರೂ ಇಲ್ಲದಿರುವುದು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನ ಶ್ರೀಮಂತರಾಗುತ್ತಾ ಹೋದರೂ ಕಳ್ಳತನ ಏಕೆ ಏರಿತು ಎಂಬುದು ಅವರ ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಹಗಲು ಮನೆ ಖಾಲಿ ಬಿದ್ದಿದ್ದು, ಟಿವಿಯಂಥ ಸಾಮಾನು ಹಗುರವಾಗಿದ್ದು ಕಾರಣ ಎಂದರು. ಕೆಟ್ಟ ಜನ ಹೆಚ್ಚಾಗಿಲ್ಲ, ದಿನಚರಿ ಬದಲಾಗಿದೆ ಎಂಬುದು ಅವರ ವಾದದ ತಿರುಳು.

ನಮ್ಮ ತೋಟಗಳಲ್ಲೂ ದಿನಚರಿ ಬದಲಾಗಿದೆ. ಮಾಲೀಕರು ಊರು ಬಿಟ್ಟು ಹಾಸನಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ರಾತ್ರಿಗಳು ಆನೆಗಳ ಪಾಲಾಗಿವೆ. ಆಳು ಕಮ್ಮಿಯಾಗಿ ಮಾಲು ಕಣದಲ್ಲೇ ಮಲಗುತ್ತದೆ. ಇನ್ನು ಬೆಲೆ. 2025ರ ಆರಂಭದಲ್ಲಿ 50 ಕೆಜಿಯ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮೂಟೆ 20 ಸಾವಿರ ದಾಟಿತ್ತು, ಮೆಣಸು ಕೆಜಿಗೆ 600 ದಾಟಿತ್ತು. ಕಳ್ಳರಿಗೆ ಎಂಥ ವಸ್ತು ಇಷ್ಟ ಎಂದು ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಗುಣಗಳನ್ನು ಹೇಳಿದ್ದಾರೆ: ಬಚ್ಚಿಡಲು ಬರಬೇಕು, ಹೊತ್ತೊಯ್ಯಲು ಬರಬೇಕು, ಸುಲಭಕ್ಕೆ ಸಿಗಬೇಕು, ಬೆಲೆ ಇರಬೇಕು, ಇಟ್ಟುಕೊಂಡವರಿಗೆ ಖುಷಿ ಕೊಡಬೇಕು, ಬೇಗ ಮಾರಾಟವಾಗಬೇಕು. ಖುಷಿಯೊಂದನ್ನು ಬಿಟ್ಟರೆ ಮೆಣಸಿಗೆ ಇವೆಲ್ಲ ಇವೆ. ಮೊಬೈಲಿಗಾದರೆ ನಂಬರ್ ಇರುತ್ತದೆ. ಮೆಣಸಿನ ಕಾಳಿನ ಮೇಲೆ ಯಾರ ಹೆಸರೂ ಇರುವುದಿಲ್ಲ.

ಎಸ್‌ಐ ಕೊನೆಯ ಪ್ರಶ್ನೆಯೇ ಕೇಸನ್ನು ತೆರೆದಿದ್ದು. 'ಒಂದು ಸಲಕ್ಕೆ ಹದಿನೈದು ಇಪ್ಪತ್ತು ಕೆಜಿ ಮೆಣಸು ತಂದವನಿಂದ ಏನೂ ಕೇಳದೆ ಯಾರು ತಗೋತಾರೆ?'

ಅಸ್ಸಾಂನಿಂದ ಬಂದು ಮೂರು ತಿಂಗಳಾದ, ಕನ್ನಡ ಬಾರದ ಕೂಲಿಯವನು ಒಂದು ಮೂಟೆ ಮೆಣಸು ಹೊತ್ತುಕೊಂಡು ಅಂಗಡಿಗೆ ಹೋದರೆ ಎಂಟು ಜನ ತಿರುಗಿ ನೋಡುತ್ತಾರೆ ಅಲ್ವಾ? ಈ ಪ್ರಶ್ನೆಯನ್ನು ಭಾನುವಾರ ಸಂಜೆಯೇ ಯಾರಾದರೂ ಕೇಳಿಕೊಂಡಿದ್ದರೆ ಲೈನ್ ಮನೆಯ ಅಕ್ಕಿ ನೆಲಕ್ಕೆ ಬೀಳುತ್ತಿರಲಿಲ್ಲ.

ಚೀಟಿ ಪುಸ್ತಕ

ಈ ಭಾಗದ ರಸ್ತೆ ಬದಿಯಲ್ಲಿ ಕಾಫಿ, ಮೆಣಸು, ಏಲಕ್ಕಿ, ಅಡಿಕೆ ಖರೀದಿಯ ಬೋರ್ಡುಗಳು ಬೇಕಾದಷ್ಟಿವೆ. ಸಣ್ಣ ಬೆಳೆಗಾರರಿಗೆ ಅವು ಬೇಕು. ಹತ್ತು ಕೆಜಿ ಮೆಣಸು ಮಾರಿ ಮಗುವಿನ ಫೀಸು ಕಟ್ಟುವವರು ದೊಡ್ಡ ಮಂಡಿಗೆ ಹೋಗಲು ಆಗುವುದಿಲ್ಲ. ಗಡಿ ದಾಟಿ ಹಾಸನ ಜಿಲ್ಲೆಯ ಕಡೆ ಇದ್ದ ಒಂದು ಅಂಗಡಿಯ ಚೀಟಿ ಪುಸ್ತಕದಲ್ಲಿ ಒಂದೇ ಹೆಸರು ಏಳು ಸಲ ಬಂದಿತ್ತು. ಒಟ್ಟು 118 ಕೆಜಿ. ದರ 540. ಅಂದು ಪೇಟೆಯಲ್ಲಿ 650ರ ಆಸುಪಾಸು.

ಹೆಸರು ತೋಟದ ಎಲ್ಲರಿಗೂ ಗೊತ್ತಿದ್ದವನದು. ಅದೇ ಊರಿನ, ಇಪ್ಪತ್ತು ದಾಟಿದ ಹುಡುಗ. ಮಾವನ ಪಿಕಪ್ ಓಡಿಸುತ್ತಾನೆ. ಬೆಳಿಗ್ಗೆ ಕೂಲಿಯವರನ್ನು ತೋಟಕ್ಕೆ ಬಿಡುವವನು, ಸಂಜೆ ಹಣ್ಣಿನ ಮೂಟೆ ಸಾಗಿಸುವವನು ಅವನೇ. ಟಾರ್ಪಾಲ್ ಹೇಗೆ ಕಟ್ಟುತ್ತಾರೆ, ಅಜ್ಜ ಯಾವಾಗ ಬಾಗಿಲು ಹಾಕುತ್ತಾರೆ, ಕ್ಯಾಮೆರಾ ಎತ್ತ ನೋಡುತ್ತದೆ ಎಲ್ಲ ಗೊತ್ತು. ಆನೆ ಮೆಸೇಜಿನ ಗ್ರೂಪಿನಲ್ಲೂ ಇದ್ದ. ಗುಡ್ಡೆಯ ಒಂದೇ ಕಡೆ ತೆಗೆದರೆ ಗುಂಡಿ ಕಾಣುತ್ತದೆ ಎಂದು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ಬಳಿದುಕೊಳ್ಳುತ್ತಿದ್ದ.

ಸಾಲದ ಆ್ಯಪ್‌ಗಳಲ್ಲಿ ಸಿಕ್ಕಿಬಿದ್ದಿದ್ದ. ಅದು ನಿಜ. ಆದರೆ ಅದಕ್ಕಿಂತ ನನ್ನ ಗಮನ ಸೆಳೆದಿದ್ದು ಆಮೇಲೆ ಅವನು ಆಡಿದ ಮಾತು: 'ಸಾಹುಕಾರ್ರಿಗೆ ಇದೇನ್ ಲೆಕ್ಕ ಸರ್. ಅವರು ನೋಡೋಕೂ ಬರಲ್ಲ. ನಮ್ಮಾವಂಗೆ ಬಾಡಿಗೆ ಬಾಕಿ ಇಟ್ಟಿದ್ದಾರೆ, ಅದಕ್ಕೆ ವಜಾ ಅಂದ್ಕೊಂಡೆ.' 1957ರಲ್ಲಿ ಸಮಾಜಶಾಸ್ತ್ರಜ್ಞರಾದ ಗ್ರೆಶಮ್ ಸೈಕ್ಸ್, ಡೇವಿಡ್ ಮಾಟ್ಜಾ ಬರೆದಿದ್ದು ಇಂಥ ಮಾತುಗಳ ಬಗ್ಗೆಯೇ. ತಪ್ಪು ಮಾಡುವವರಲ್ಲಿ ಹೆಚ್ಚಿನವರು ಸರಿ ತಪ್ಪು ಗೊತ್ತಿಲ್ಲದವರಲ್ಲ. ತಮ್ಮ ಮಟ್ಟಿಗೆ ಒಂದು ವಿನಾಯಿತಿ ಬರೆದುಕೊಂಡಿರುತ್ತಾರೆ. ಯಾರಿಗೂ ನಷ್ಟವಿಲ್ಲ, ನಷ್ಟವಾದರೂ ಅವರಿಗೆ ಆಗಬೇಕಾದ್ದೇ, ಬೆರಳು ತೋರಿಸುವವರು ತಾವೇನು ಸಾಚಾ? ಅವನ ಮೂರು ವಾಕ್ಯಗಳಲ್ಲಿ ಇವೆಲ್ಲ ಇದ್ದವು. ಬಾಡಿಗೆ ಬಾಕಿ ಇದ್ದಿದ್ದು ಸುಳ್ಳಲ್ಲ ಎನ್ನುವುದನ್ನೂ ಹೇಳಬೇಕು.

ಮೂರು ವರ್ಷದ ಶಿಕ್ಷೆ ಗೊತ್ತಿತ್ತಾ ಎಂದರೆ ಗೊತ್ತಿರಲಿಲ್ಲ. ಏಳು ವರ್ಷ ಎಂದಿದ್ದರೂ ಕದಿಯುತ್ತಿದ್ದ. ಸಿಕ್ಕಿಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಶಿಕ್ಷೆ ಎಷ್ಟು ಘೋರ ಎನ್ನುವುದಕ್ಕಿಂತ ಎಷ್ಟು ಖಚಿತ ಎನ್ನುವುದು ಜನರನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕರಿಯಾ 1764ರಲ್ಲೇ ಹೇಳಿದ್ದ. ನಮ್ಮಲ್ಲಿ ಈಗಲೂ ಪ್ರತಿ ಕಳ್ಳತನದ ಮೇಲೆ 'ಶಿಕ್ಷೆ ಜಾಸ್ತಿ ಮಾಡಬೇಕು' ಎಂದೇ ಮಾತು ಶುರುವಾಗುತ್ತದೆ.

ಬಂಧನವಾದ ಮೇಲೆ ಅವನು ಎಲ್ಲವನ್ನೂ ಒಪ್ಪಿಕೊಂಡ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುವುದು ಅದನ್ನು. ಆದರೆ ಅವನ ಮಾತಿನಿಂದ ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ನಿಲ್ಲುತ್ತದೆ. ಮಾವನ ಕೊಟ್ಟಿಗೆಯ ಹಿಂದೆ 46 ಕೆಜಿ ಸಿಕ್ಕಿತು, ತೋಟದ ಮಾರ್ಕು ಇದ್ದ ಗೋಣಿಚೀಲದಲ್ಲಿ. ಜಪ್ತಿಯನ್ನು ಹೊಸ ಕಾನೂನಿನಂತೆ ವಿಡಿಯೋ ಮಾಡಿದರು. ಆ ಚೀಲ ಇಲ್ಲದಿದ್ದರೆ ಆ ಮೆಣಸು ಈ ತೋಟದ್ದೇ ಎಂದು ಹೇಳಲು ಯಾವ ದಾರಿಯೂ ಇರಲಿಲ್ಲ. ಜಪ್ತಿಯಾದ ಮಾಲು ಠಾಣೆಯ ಮೂಲೆಯಲ್ಲಿ ಬೂಷ್ಟು ಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಫೋಟೋ ತೆಗೆದು, ಪಟ್ಟಿ ಮಾಡಿ, ಮೆಣಸನ್ನು ಮಾಲೀಕರಿಗೆ ಮಧ್ಯಂತರವಾಗಿ ಬಿಟ್ಟುಕೊಟ್ಟರು.

ಕೊಂಡವನು

ಈಗ ನನಗೆ ಸಿಟ್ಟು ಬರುವ ಭಾಗ. ಅಂಗಡಿಯವರು ಆರೋಪಿ ಆಗಲಿಲ್ಲ, ಸಾಕ್ಷಿ ಆದರು. 'ಅಜ್ಜಿ ಮನೆ ಮೆಣಸು ಅಂದ ಸರ್, ನಂಬಿದೆ.' ಕದ್ದ ಮಾಲು ಎಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅದೂ ಅಪರಾಧ, 3 ವರ್ಷದ ತನಕ ಶಿಕ್ಷೆ. ಕದ್ದ ಮಾಲಿನ ವ್ಯವಹಾರವನ್ನೇ ರೂಢಿ ಮಾಡಿಕೊಂಡವನಿಗೆ ಅದಕ್ಕಿಂತ ಬಹಳ ಜಾಸ್ತಿ. ಒಂದು ಗುಂಟೆ ಜಮೀನಿಲ್ಲದ ಹುಡುಗ ಐದು ವಾರದಲ್ಲಿ ಏಳು ಸಲ ಮೆಣಸು ತರುತ್ತಾನೆ. ಕೆಜಿಗೆ 110 ರೂಪಾಯಿ ಕಮ್ಮಿ ಕೊಟ್ಟರೂ ತುಟಿ ಬಿಚ್ಚುವುದಿಲ್ಲ. ಸಂದೇಹ ಪಡಲು ಇದಕ್ಕಿಂತ ಕಾರಣ ಬೇಕೇ? ಆ 110 ರೂಪಾಯಿ ಏನನ್ನೂ ಕೇಳದೇ ಇರುವುದಕ್ಕೆ ಸಿಕ್ಕ ಕಮಿಷನ್ ಎಂದೇ ನಾನು ಹೇಳುವುದು.

ತನಿಖೆಯ ಕಡೆಯ ವಾದವೂ ಇದೆ. ಆ 118 ಕೆಜಿ ಬೇರೆ ಮೆಣಸಿನ ಜೊತೆ ಬೆರೆತು ಲಾರಿ ಹತ್ತಿ ಹೋಗಿತ್ತು. ವಸ್ತುವೇ ಇಲ್ಲದೆ ಕೊಂಡವನ ಮೇಲೆ ಕೇಸು ನಿಲ್ಲಿಸುವುದು ಕಷ್ಟ, ಅವನ ಚೀಟಿ ಪುಸ್ತಕವಿಲ್ಲದೆ ಹುಡುಗನ ಮೇಲೂ ಕಷ್ಟ. ಒಬ್ಬನನ್ನು ಹಿಡಿಯಲು ಇನ್ನೊಬ್ಬನನ್ನು ಬಿಟ್ಟರು. ವ್ಯಾವಹಾರಿಕವಾಗಿ ಸರಿ ಇರಬಹುದು. ಆದರೆ ಹುಡುಗ ಹೋದರೆ ಇನ್ನೊಬ್ಬ ಬರುತ್ತಾನೆ, ತಕ್ಕಡಿ ಅಲ್ಲೇ ಇರುತ್ತದೆ.

ಆಮೇಲೆ

ಜಾಮೀನು ಸಿಕ್ಕಿತು, ಆರೋಪಪಟ್ಟಿ ಸಲ್ಲಿಕೆಯಾಯಿತು. ಸಾದಾ ಕಳವಿನಲ್ಲಿ ಮಾಲಿನ ಒಡೆಯರು ಒಪ್ಪಿದರೆ ರಾಜಿಗೆ ಕಾನೂನಿನಲ್ಲಿ ಅವಕಾಶ ಇದೆ. ರಾಜಿಯಾದರೆ ಆರೋಪಿ ಖುಲಾಸೆಯಾದಂತೆ. ಸಿಗದ ಮೆಣಸಿನ ಬೆಲೆಯಲ್ಲಿ ಬಾಡಿಗೆ ಬಾಕಿ ಕಳೆದು, ಉಳಿದದ್ದನ್ನು ಮುಂದಿನ ಸೀಸನ್‌ನ ಪಿಕಪ್ ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಎಂದು ಹಿರಿಯರು ಕೂತು ತೀರ್ಮಾನಿಸಿದರು. ಹುಡುಗ ಈಗಲೂ ಅದೇ ತೋಟಕ್ಕೆ ಗಾಡಿ ತರುತ್ತಾನೆ. ಇಪ್ಪತ್ತರ ಹುಡುಗನಿಗೆ ಜೈಲಿಗಿಂತ ಇದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಆದರೆ ಈ ಔದಾರ್ಯ ಅವನು 'ನಮ್ಮೂರ ಹುಡುಗ' ಆಗಿದ್ದರಿಂದ ಸಿಕ್ಕಿತು. ಬಸ್ಸು ಹತ್ತಿ ಹೋದವನ ಕೂಲಿ ಬಾಕಿಯನ್ನು ರೈಟರ್ ಕೂಲಿಯವರ ಮೇಸ್ತ್ರಿಯ ಮೂಲಕ ಕಳಿಸಲು ನೋಡಿದರು. ಮೇಸ್ತ್ರಿಗೆ ಅವನ ನಂಬರ್ ಸಿಗಲಿಲ್ಲ. ಕಾರ್ಡ್ ಕಸಿದವರು, ಹೊಡೆದವರು ಯಾರನ್ನೂ ಯಾರೂ ಏನೂ ಕೇಳಲಿಲ್ಲ.

ತೋಟದಲ್ಲಿ ಬದಲಾಗಿದ್ದು ಸ್ವಲ್ಪವೇ. ಕಣದ ಕಡೆ ಒಂದು ಕ್ಯಾಮೆರಾ ತಿರುಗಿದೆ. ಆನೆ ಮೆಸೇಜ್ ಬಂದ ಸಂಜೆ, ಕತ್ತಲಾಗುವ ಮುಂಚೆ, ಒಣಗಲು ಬಂದ ಮೆಣಸನ್ನು ತೂಗಿ ಗೋದಾಮಿಗೆ ಹಾಕುತ್ತಾರೆ. ಅದಕ್ಕೆ ಎರಡು ಆಳು ಜಾಸ್ತಿ ಬೇಕು, ಮಾಲೀಕರು ಗೊಣಗಿದರೂ ಕೊಟ್ಟಿದ್ದಾರೆ. ಎಸ್‌ಐ ಗಡಿಯಾಚೆಯ ಆ ಅಂಗಡಿಗೆ ಇನ್ನೊಮ್ಮೆ ಹೋಗಿ ಟೀ ಕುಡಿದು ಬಂದರಂತೆ. ಈಗ ಅಲ್ಲಿನ ಚೀಟಿ ಪುಸ್ತಕದಲ್ಲಿ ಎರಡು ಕಾಲಂ ಹೊಸದಾಗಿ ಸೇರಿವೆ. ಒಂದು ಮಾರುವವರ ಫೋನ್ ನಂಬರಿಗೆ, ಇನ್ನೊಂದು ಯಾವ ಊರಿನ ತೋಟ ಎನ್ನುವುದಕ್ಕೆ. ಪಕ್ಕದ ಅಂಗಡಿಗಳಲ್ಲಿ ಇನ್ನೂ ಸೇರಿಲ್ಲ.